ಔದ್ಯೋಗಿಕ ಚಿಕಿತ್ಸೆ

ರೋಗ, ಅಪಘಾತ ಅಥವಾ ಹುಟ್ಟಿನಿಂದ ಬಂದ ಊನದಿಂದ ದಿನದ ಕೆಲಸ ಕೈತಪ್ಪಿದವರನ್ನು, ಅದೇ ಕೆಲಸವನ್ನು ಮದ್ದಾಗಿಸಿ ಮತ್ತೆ ಅದಕ್ಕೆ ಮರಳಿಸುವ ವಿದ್ಯೆ. ಹೆಸರು ತುಸು ದಾರಿ ತಪ್ಪಿಸುತ್ತದೆ. ಇಲ್ಲಿ ಉದ್ಯೋಗವೆಂದರೆ ನೌಕರಿಯಲ್ಲ. ಅಂಗಿ ತೊಡುವುದು, ತುತ್ತು ಎತ್ತುವುದು, ಮಗುವಿನ ಆಟ, ಎಲ್ಲವೂ ಅದರೊಳಗೇ ಬರುತ್ತವೆ. ಬೆಳಗಾವಿ ಜಿಲ್ಲೆಯ ಮುಗಳಖೋಡದಂಥ ಊರಿನಲ್ಲಿ ಲಕ್ವಾ ಹೊಡೆದ ಹೆಂಗಸಿಗೆ ಅದು ರೊಟ್ಟಿ ಬಡಿಯುವುದೂ ಹೌದು: ಹಿಟ್ಟು ನಾದಲು ತೋಳಿನ ಬಲ, ಬಡಿಯಲು ಅಂಗೈ, ತಿರುಗಿಸಲು ಬೆರಳು, ಹಂಚಿನ ಮುಂದೆ ಎಚ್ಚರ. ಬಲವಿಲ್ಲದ ತೋಳನ್ನು ಮೊದಲು ಕುಪ್ಪಸಕ್ಕೆ ತೂರಿಸಬೇಕು, ಬಿಚ್ಚುವಾಗ ಕೊನೆಗೆ ತೆಗೆಯಬೇಕು ಎಂಬ ಸಣ್ಣ ಉಪಾಯವನ್ನೂ ಚಿಕಿತ್ಸಕರು ಕಲಿಸುತ್ತಾರೆ. ಹಿಡಿತ ಸಾಲದವರಿಗೆ ಚಮಚದ ಹಿಡಿಯನ್ನು ದಪ್ಪಗೊಳಿಸುತ್ತಾರೆ. ಕುಷ್ಠದಿಂದ ಸ್ಪರ್ಶ ಕಳೆದುಕೊಂಡ ಕೈಗೆ ಬಿಸಿ ಪಾತ್ರೆ ತಾಗದಂತೆ ನೋಡುವುದೂ ಇದೇ ಕೆಲಸ.

ಇದರ ಬೇರು ಮನೋರೋಗಿಗಳ ಆರೈಕೆಯಲ್ಲಿದೆ. 1796ರಲ್ಲಿ ವಿಲಿಯಂ ಟ್ಯೂಕ್ ಇಂಗ್ಲೆಂಡಿನ ಯಾರ್ಕ್‌ನಲ್ಲಿ ತೆರೆದ ಆಶ್ರಯಧಾಮದಲ್ಲಿ ಸರಪಳಿಯ ಬದಲು ಕೈಗೆಲಸ ಬಂತು. ನಮ್ಮಲ್ಲಿ ಧಾರವಾಡದ ಹುಚ್ಚಾಸ್ಪತ್ರೆ 1845ರದು. ಆ ಕಾಲದ ಇಂಥ ಆಸ್ಪತ್ರೆಗಳಲ್ಲಿ ರೋಗಿಗಳನ್ನು ತೋಟಕ್ಕೂ ಮಗ್ಗಕ್ಕೂ ಹಚ್ಚುತ್ತಿದ್ದರು. ಅದರಿಂದ ಸಂಸ್ಥೆಯ ಖರ್ಚು ಇಳಿಯುತ್ತಿತ್ತು. ಆ ದುಡಿಮೆಯನ್ನೆಲ್ಲ ಚಿಕಿತ್ಸೆಯೆಂದು ಕರೆಯುವುದು ಸರಿಯಲ್ಲ. ಕೆಲಸದಿಂದ ಯಾರಿಗೆ ಲಾಭ ಎಂಬುದೇ ಇಲ್ಲಿ ಗೆರೆ. ಸ್ವತಂತ್ರ ವೃತ್ತಿಯಾಗಿ ಇದು ನೆಲೆಗೊಂಡದ್ದು 1917ರಲ್ಲಿ, ಅಮೆರಿಕದಲ್ಲಿ ಸಂಘ ಕಟ್ಟಿದ ಮೇಲೆ.

ಭಾರತಕ್ಕೆ ಇದನ್ನು ತಂದವರು ಕಮಲಾ ನಿಂಬಕರ. ಅಮೆರಿಕದಲ್ಲಿ ಎಲಿಜಬೆತ್ ಲಂಡಿಯಾಗಿ ಹುಟ್ಟಿ, ನಿಂಬಕರ ಮನೆತನದ ಸೊಸೆಯಾದ ಅವರು 1950ರಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ದೇಶದ ಮೊದಲ ತರಬೇತಿ ಶಾಲೆ ತೆರೆದರು. ಬೆಳಗಾವಿ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲೇ ಇದ್ದುದರಿಂದ, ರಾಯಬಾಗ, ಅಥಣಿಯವರಿಗೆ ಅದು ತಮ್ಮದೇ ರಾಜಧಾನಿಯ ಶಾಲೆ. 1952ರಲ್ಲಿ ಈ ಚಿಕಿತ್ಸಕರ ಅಖಿಲ ಭಾರತ ಸಂಘ ಹುಟ್ಟಿತು. ಅದೇ ವರ್ಷ ಹುಟ್ಟಿದ ವಿಶ್ವ ಒಕ್ಕೂಟದ ಸ್ಥಾಪಕರಲ್ಲಿ ಭಾರತವೂ ಒಂದು.

ಕರ್ನಾಟಕದಲ್ಲಿ ಮಣಿಪಾಲದಲ್ಲಿ ಇದರ ಪದವಿ ಶಿಕ್ಷಣವಿದೆ. ಬೆಂಗಳೂರಿನ ನಿಮ್ಹಾನ್ಸ್‌ನ ಪುನಶ್ಚೇತನ ವಿಭಾಗದಲ್ಲಿ ರೋಗಿಗಳು ಬೇಕರಿ, ಬಡಗಿ, ನೇಯ್ಗೆ ಕೆಲಸಗಳಲ್ಲಿ ತೊಡಗುತ್ತಾರೆ. ಭೌತಚಿಕಿತ್ಸೆಯೊಡನೆ ಇದನ್ನು ಬೆರೆಸಿ ಹೇಳುವ ರೂಢಿ ಇನ್ನೂ ಹೋಗಿಲ್ಲವಾದರೂ, ಆರೋಗ್ಯ ವೃತ್ತಿಗಳ ಕುರಿತ 2021ರ ಕೇಂದ್ರ ಕಾಯ್ದೆ ಎರಡನ್ನೂ ಬೇರೆಬೇರೆ ವೃತ್ತಿಗಳೆಂದೇ ಪಟ್ಟಿ ಮಾಡಿದೆ.