ಅಂಗಳದಡಿಯ ಹಗೇವಿಗೆ ನೀರು ಬಂದದ್ದು ಹೇಗೆ?

ಕೆಲವು ವರ್ಷಗಳ ಹಿಂದೆ ಗದಗ ಜಿಲ್ಲೆಯ ನರಗುಂದ ಪಟ್ಟಣದಲ್ಲಿ ಮನೆಗಳ ಬಳಿ ನೆಲ ಇದ್ದಕ್ಕಿದ್ದಂತೆ ಕುಸಿದು ದೊಡ್ಡ ಗುಂಡಿಗಳು ಬಿದ್ದವು. ಜನ ಗಾಬರಿಯಾದರು. ಕಾರಣ ಏನು ಎಂಬ ಮಾತು ಬಂದಾಗ ಎರಡು ವಿಷಯ ಮತ್ತೆ ಮತ್ತೆ ಕೇಳಿಬಂದವು: ಹಳೆಯ ಹಗೇವುಗಳು ಮತ್ತು ಮೇಲೇರಿದ ಅಂತರ್ಜಲ. ನಮ್ಮಲ್ಲಿ ಹಲವರಿಗೆ ಹಗೇವು ಎಂದರೆ ಅಜ್ಜ ಹೇಳಿದ ಕಥೆ ಮಾತ್ರ. ಅದು ನಮ್ಮ ಕಾಲಡಿಯಲ್ಲೇ ಇದೆ ಎಂಬುದು ಮರೆತೇಹೋಗಿತ್ತು.

ಹಗೇವು ಎಂದರೆ ಕಾಳು ಕೂಡಿಡಲು ನೆಲದೊಳಗೆ ತೋಡಿದ ಕೋಣೆ. ಬಾಯಿ ಕಿರಿದು, ಒಬ್ಬ ಮನುಷ್ಯ ಇಳಿಯುವಷ್ಟು. ಒಳಗೆ ಹೊಟ್ಟೆ ಅಗಲ. ಧಾರವಾಡ, ಗದಗ, ಹಾವೇರಿ, ದಾವಣಗೆರೆ, ಚಿತ್ರದುರ್ಗದ ಬಯಲುಸೀಮೆಯಲ್ಲಿ ಜೋಳ, ರಾಗಿ ಇಟ್ಟದ್ದು ಇದರಲ್ಲೇ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಮೈಸೂರು ಸೀಮೆ ನೋಡಿಬರಲು ಕಳಿಸಿತು. 1800-01ರಲ್ಲಿ ಊರೂರು ತಿರುಗಿದ ಆತ, ರಾಗಿಯನ್ನು ನೆಲದಡಿ ಕಾಪಿಡುವ ಈ ಪದ್ಧತಿಯನ್ನೂ ಬರೆದುಕೊಂಡ. ಅವನ ಪುಸ್ತಕ 1807ರಲ್ಲಿ ಅಚ್ಚಾಯಿತು.

ನೆಲದೊಳಗಿನ ಕೋಣೆಗೆ ಮೊದಲ ಶತ್ರು ತೇವ. ಸಿಮೆಂಟಿಲ್ಲ, ಡಾಂಬರಿಲ್ಲ, ಪ್ಲಾಸ್ಟಿಕ್ಕಿಲ್ಲ. ಆದರೂ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಹೇಗೆ?

ಗುಟ್ಟು ಇದ್ದದ್ದು ಜಾಗದಲ್ಲಿ. ಹಗೇವು ತೋಡುತ್ತಿದ್ದದ್ದು ಊರಿನ ಎತ್ತರದ, ನೀರು ನಿಲ್ಲದ, ಗಟ್ಟಿ ಗರಸಿನ ನೆಲದಲ್ಲಿ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದರಲ್ಲಿ ಗೋಡೆ ನಿಲ್ಲುವುದಿಲ್ಲ. ಆಮೇಲೆ ತಳಕ್ಕೂ ಸುತ್ತಲೂ ಒಣಹುಲ್ಲು ಒತ್ತಾಗಿ ಹೊದಿಸುತ್ತಿದ್ದರು. ಗೋಡೆಯ ಅಲ್ಪಸ್ವಲ್ಪ ತೇವವನ್ನು ಹುಲ್ಲು ತಡೆಯುತ್ತಿತ್ತು. ಚೆನ್ನಾಗಿ ಬಿಸಿಲಿಗೆ ಒಣಗಿದ ಕಾಳನ್ನಷ್ಟೇ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಮಳೆ ಹೆಚ್ಚಿರುವ ಮಲೆನಾಡು, ಕರಾವಳಿಯವರು ನೆಲ ತೋಡುವ ಗೋಜಿಗೆ ಹೋಗಲಿಲ್ಲ. ಅವರು ಪಣತದಲ್ಲಿ, ಮುಡಿಯಲ್ಲಿ ನೆಲದ ಮೇಲೆಯೇ ಇಟ್ಟರು. ಅಂದರೆ ನೆಲ ನೋಡಿ ಉಗ್ರಾಣ. ನೀರಿನ ಜೊತೆ ಯಾರೂ ಜಗಳಕ್ಕೆ ಇಳಿಯಲಿಲ್ಲ, ನೀರಿಲ್ಲದ ಕಡೆ ಹೋದರು.

ಮುಚ್ಚಿದ ಹಗೇವಿನಲ್ಲಿ ಕಾಳೇ ಉಸಿರಾಡಿ ಆಮ್ಲಜನಕವನ್ನು ಖರ್ಚು ಮಾಡುತ್ತದೆ. ಇಂಗಾಲದ ಡೈಆಕ್ಸೈಡ್ ತುಂಬಿಕೊಂಡು ಹುಳ ಸಾಯುತ್ತವೆ. ಅದೇ ಗಾಳಿ ಮನುಷ್ಯನನ್ನೂ ಕೊಲ್ಲುತ್ತದೆ. ಅದಕ್ಕೇ ಹಿರಿಯರು ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುತ್ತಿರಲಿಲ್ಲ. ಈ ಎಚ್ಚರ ತಪ್ಪಿದಲ್ಲಿ ಇಳಿದವರೂ ಸತ್ತಿದ್ದಾರೆ, ಅವರನ್ನು ಎತ್ತಲು ಹೋದವರೂ ಸತ್ತಿದ್ದಾರೆ.

ಇಷ್ಟು ಕಷ್ಟ ಯಾಕೆ ಪಡುತ್ತಿದ್ದರು? ಬರಕ್ಕೆ ಹೆದರಿ. ದಂಡು ಬಂದರೆ ಲೂಟಿಗೆ ಹೆದರಿ. 1876-78ರ ಮಹಾಬರದಂಥ ಕಾಲದಲ್ಲಿ ಮಳೆ ಕೈಕೊಟ್ಟ ಮೇಲೆ ಉಳಿಯುವುದು ಹಿಂದಿನ ವರ್ಷಗಳ ಕಾಳು ಮಾತ್ರ.

ಆಮೇಲೆ ಕಾಲ ಬದಲಾಯಿತು. 1965ರಲ್ಲಿ ಭಾರತೀಯ ಆಹಾರ ನಿಗಮ ಬಂತು. ಗೋದಾಮು, ನ್ಯಾಯಬೆಲೆ ಅಂಗಡಿ ಬಂದವು. ಹೊಲದಲ್ಲಿ ಹತ್ತಿ, ಮೆಕ್ಕೆಜೋಳ ಹೆಚ್ಚಾದವು. ಬೆಳೆದದ್ದು ನೇರ ಮಾರುಕಟ್ಟೆಗೆ ಹೋಯಿತು. ಹಗೇವು ಖಾಲಿಯಾಯಿತು. ಕೆಲವರು ಮುಚ್ಚಿದರು, ಹಲವರು ಬಾಯಿಗೆ ಕಲ್ಲು ಎಳೆದು ಸುಮ್ಮನಾದರು. ಅದರ ಮೇಲೆ ರಸ್ತೆ ಬಂತು, ಮನೆ ಬಂತು.

ನೀರೂ ದಾರಿ ಬದಲಿಸಿತು. ಕಾಲುವೆ ನೀರಾವರಿ ಬಂದ ಕಡೆ ಅಂತರ್ಜಲ ಮೇಲೇರುತ್ತದೆ. ಮನೆಮನೆಗೆ ನಲ್ಲಿ ಬಂತು, ಅಷ್ಟಕ್ಕೆ ತಕ್ಕ ಚರಂಡಿ ಎಲ್ಲ ಕಡೆ ಬರಲಿಲ್ಲ. ಬಚ್ಚಲ ನೀರು, ಒಡೆದ ಪೈಪಿನ ನೀರು ನೆಲಕ್ಕೇ ಇಂಗುತ್ತದೆ. ನೂರು ವರ್ಷ ಒಣಗಿದ್ದ ಗರಸಿನ ಗೋಡೆ ನೆನೆದು ಮೆತ್ತಗಾಗುತ್ತದೆ. ಒಳಗೆ ಪೊಳ್ಳು, ಮೇಲೆ ಭಾರ. ಒಂದು ದಿನ ನೆಲ ಬಾಯಿ ಬಿಡುತ್ತದೆ.

ತಪ್ಪು ಹಗೇವಿನದಲ್ಲ. ಒಣನೆಲವನ್ನು ನಂಬಿ ತೋಡಿದ ಕೋಣೆಗೆ ನಾವು ನೀರು ಬಿಟ್ಟೆವು, ಅದು ಎಲ್ಲಿದೆ ಎಂಬುದನ್ನೂ ಮರೆತೆವು.

ಆದ್ದರಿಂದ ಮುಂಗಾರಿಗೆ ಮುಂಚೆ ನಿಮ್ಮ ಓಣಿಯ ಹಿರಿಯರನ್ನು ಒಮ್ಮೆ ಕೇಳಿ: ಇಲ್ಲಿ ಹಗೇವು ಎಲ್ಲಿದ್ದವು? ಅವರ ಜೊತೆಗೇ ಈ ಮಾಹಿತಿಯೂ ಮಣ್ಣಾಗುತ್ತಿದೆ. ಜಾಗ ಗುರುತು ಮಾಡಿ, ಪಂಚಾಯಿತಿಗೆ ತಿಳಿಸಿ. ಯಾರೂ ಒಳಗೆ ಇಳಿಯಬೇಡಿ. ದೀಪ ಉರಿದರೂ ಒಳಗಿನ ಗಾಳಿ ನಂಬುವಂತಿಲ್ಲ, ನೆನೆದ ಗೋಡೆಯನ್ನಂತೂ ನಂಬಲೇಬೇಡಿ. ತುಂಬಿಸುವುದಾದರೆ ತಿಳಿದವರನ್ನು ಕರೆಸಿ ಗರಸು ಹಾಕಿ ದಮ್ಮಸು ಮಾಡಿಸಿ. ಕಸ ತುಂಬಿದರೆ ಅದು ಕೊಳೆತು ಮತ್ತೆ ಪೊಳ್ಳಾಗುತ್ತದೆ.

ಹೊಸ ಮನೆಗೆ ನೆಲಮಾಳಿಗೆ ಮಾಡಿಸುವವರಿಗೂ ಹಗೇವಿನವರ ಪಾಠ ಒಂದೇ. ಗೋಡೆಗೆ ಯಾವ ಬಣ್ಣ, ಯಾವ ರಾಸಾಯನಿಕ ಬಳಿಯಬೇಕು ಎಂದು ಕೇಳುವ ಮೊದಲು ಮಳೆ ಬಂದಾಗ ಜಾಗ ನೋಡಿ. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಪಕ್ಕದ ಬಾವಿಯಲ್ಲಿ ಮಳೆಗಾಲಕ್ಕೆ ನೀರು ಎಷ್ಟು ಮೇಲೆ ಬರುತ್ತದೆ ಎಂದು ನೋಡಿ. ಆಮೇಲೆ ಗುದ್ದಲಿ ಹಾಕಿ.