ಅಮ್ಮನ ಕೋಣೆ ಯಾರ ಲೆಕ್ಕದಲ್ಲಿ?



ಸಂಘದವರು ನನ್ನನ್ನು ಕರೆದದ್ದು ತೆರಿಗೆಯ ಬಗ್ಗೆ ಮಾತಾಡಲು. ವಿಷಯ ಬದಲಿಸಿದ್ದು ನಾನೇ. ಎರಡು ಮೂರು ವರ್ಷಗಳಿಂದ ಎನ್‌ಆರ್‌ಇ ಖಾತೆಯ ಬಗ್ಗೆ ಕೇಳಲು ಫೋನ್ ಮಾಡುವವರು ಲೆಕ್ಕ ಮುಗಿದರೂ ಫೋನ್ ಇಡುವುದಿಲ್ಲ. ಸ್ವಲ್ಪ ಸ್ವರ ತಗ್ಗಿಸಿ, "ಸರ್, ಅಮ್ಮ ಒಬ್ರೇ ಇದ್ದಾರೆ, ಊರಲ್ಲಿ ಒಳ್ಳೆ ಜಾಗ ಯಾವುದಾದ್ರೂ ಗೊತ್ತಾ?" ಎನ್ನುತ್ತಾರೆ. ವೃದ್ಧಾಶ್ರಮ ಎಂಬ ಮಾತು ಯಾರ ಬಾಯಲ್ಲೂ ಬರುವುದಿಲ್ಲ. "ಜಾಗ" ಅಷ್ಟೆ. ಅದರ ಹಿಂದೆಯೇ ಇನ್ನೊಂದು ವಾಕ್ಯ ಬರುತ್ತದೆ: "ನಮ್ಮ ಅಜ್ಜಿಯ ಕಾಲದಲ್ಲಿ ಇಂಥದ್ದೆಲ್ಲ ಇರಲಿಲ್ಲ." ಲೆಕ್ಕಪರಿಶೋಧಕನಿಗೆ ಇಂಥ ಮಾತು ಕೇಳಿದರೆ ಹಳೆಯ ಪುಸ್ತಕ ತೆಗೆದು ನೋಡಬೇಕೆನಿಸುತ್ತದೆ.

ನಮ್ಮಲ್ಲಿ ಹಲವರು ಕರಾವಳಿಯವರು, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ. ಬಂಟರು, ಬಿಲ್ಲವರು, ಮೊಗವೀರರು ಮೊದಲಾದವರಲ್ಲಿ ನಡೆದುಬಂದ ಅಳಿಯಸಂತಾನ ಕಟ್ಟಿನಲ್ಲಿ ಆಸ್ತಿ ತಾಯಿಯ ಸಾಲಿನಲ್ಲಿ ಇಳಿಯುತ್ತಿತ್ತು. ಯಜಮಾನ ಆಡಳಿತ ಮಾಡುತ್ತಿದ್ದ. ಉಳಿದವರು ಪಾಲು ಕೇಳುವಂತಿರಲಿಲ್ಲ. 19ನೇ ಶತಮಾನದಲ್ಲಿ ಮದ್ರಾಸ್ ಹೈಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಪಾಲು ಇಲ್ಲದಿದ್ದರೂ ಕುಟುಂಬದ ಮನೆಯಲ್ಲಿ ಜೀವನಾಂಶದ ಹಕ್ಕು ಇತ್ತು. ಗಂಡ ತೀರಿಕೊಂಡ ಹೆಂಗಸು ತನ್ನ ತಾಯಿಮನೆಗೆ ಬಂದರೆ ಅದು ಯಾರ ಉಪಕಾರವೂ ಅಲ್ಲ, ಅವಳ ಹಕ್ಕು. ಮಗ ಒಳ್ಳೆಯವನೋ ಕೆಟ್ಟವನೋ ಎಂಬುದರ ಮೇಲೆ ಅವಳ ಚಾಪೆ ನಿಂತಿರಲಿಲ್ಲ.

ಆ ಕಾಲವನ್ನು ಹೊಗಳಲು ನಾನು ಬಂದಿಲ್ಲ. ಯಜಮಾನರ ಮೇಲಿನ ದಾವೆಗಳು ದಕ್ಷಿಣ ಕನ್ನಡದ ಕೋರ್ಟುಗಳಿಗೆ ಸಾಕಷ್ಟು ಕೆಲಸ ಕೊಟ್ಟಿದ್ದವು. ಭೂಮಿಯೇ ಇಲ್ಲದ ಕೂಲಿಯವರ ಮುದುಕಿಗೆ ಯಾವ ಕಟ್ಟೂ ಕೋಣೆ ಕೊಟ್ಟಿರಲಿಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಪಾಲಿನ ಹಕ್ಕು ಕೊಟ್ಟಿತು. ನ್ಯಾಯವಾದದ್ದೇ. ಆದರೆ ದೊಡ್ಡ ಮನೆ ಪಾಲಾದಾಗ ಗದ್ದೆ, ತೋಟ, ಪಾತ್ರೆ ಎಲ್ಲಕ್ಕೂ ಪಾಲುಪಟ್ಟಿಯಲ್ಲಿ ಸಾಲು ಸಿಕ್ಕಿತು. ರಾತ್ರಿ ಎದ್ದು ಅಜ್ಜಿಗೆ ನೀರು ಕೊಡುವ ಕೆಲಸ ಯಾರ ಪಾಲಿಗೂ ಬರೆಯಲ್ಪಡಲಿಲ್ಲ. ಆಮೇಲೆ ಮುಂಬಯಿಯ ಹೋಟೆಲುಗಳು, 1973ರ ತೈಲ ಬೆಲೆಯೇರಿಕೆಯ ನಂತರ ಕೊಲ್ಲಿ. ಉಳಿದ ಕಥೆ ನಿಮಗೇ ಗೊತ್ತು, ಅದರ ಪಾತ್ರಗಳು ಇಲ್ಲಿಯೇ ಕುಳಿತಿದ್ದಾರೆ.

ಅಜ್ಜಿಯ ಕಾಲದಲ್ಲಿ ಆಶ್ರಮ ಇರಲಿಲ್ಲ ಎಂಬುದೂ ಪೂರ್ತಿ ನಿಜವಲ್ಲ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಲಿಟ್ಲ್ ಸಿಸ್ಟರ್ಸ್ ಆಫ್ ದಿ ಪೂರ್ ಸಂಸ್ಥೆಯ ವೃದ್ಧರ ಮನೆ 1900ರಿಂದ ಇದೆ. ಈ ಸನ್ಯಾಸಿನಿಯರ ಕಥೆ 1839ರಲ್ಲಿ ಫ್ರಾನ್ಸಿನಲ್ಲಿ ಶುರುವಾಗುತ್ತದೆ. ಜಾನ್ ಜುಗಾನ್ ಎಂಬ ಹೆಂಗಸು ಕಣ್ಣು ಕಾಣದ ಮುದುಕಿಯೊಬ್ಬಳನ್ನು ಮನೆಗೆ ಕರೆತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಳು. ಸಂಸ್ಥೆ ಭಾರತಕ್ಕೆ ಬಂದದ್ದು 1882ರಲ್ಲಿ, ಕಲ್ಕತ್ತೆಗೆ. ನನ್ನ ಕುತೂಹಲ ಅವರ ಜಮಾಖರ್ಚಿನದು. ಕಾಯಂ ಆದಾಯ ತರುವ ನಿಧಿ ಇಟ್ಟುಕೊಳ್ಳುವುದಿಲ್ಲ ಎಂಬುದು ಅವರ ನಿಯಮ. ಮನೆ ಮನೆ, ಮಾರುಕಟ್ಟೆ ತಿರುಗಿ ಬೇಡಿ ತಂದದ್ದರಲ್ಲಿ ಸಾಕುತ್ತಾರೆ. ಇಂಥ ಬ್ಯಾಲೆನ್ಸ್ ಶೀಟನ್ನು ನನ್ನ ಮುಂದಿಟ್ಟರೆ ಮುಂದಿನ ವರ್ಷ ಈ ಸಂಸ್ಥೆ ಇರುವುದು ಅನುಮಾನ ಎಂದು ಷರಾ ಬರೆಯುತ್ತಿದ್ದೆ. ನೂರು ವರ್ಷ ದಾಟಿ ನಡೆದಿದೆ.

ಸಮಸ್ಯೆ ಏನೆಂದರೆ, ಆ ಮನೆ ಕಟ್ಟಿದ್ದು ಯಾರೂ ಇಲ್ಲದ ಬಡವರಿಗೆ. ವೃದ್ಧಾಶ್ರಮ ಎಂಬ ಪದಕ್ಕೆ ಅಂಟಿದ ನಾಚಿಕೆ ಅಲ್ಲಿಂದ ಬಂದದ್ದು. ಇಂದು ಫೋನ್ ಮಾಡುವವರ ಅಮ್ಮನಿಗೆ ಮಕ್ಕಳಿದ್ದಾರೆ, ಮನೆಯಿದೆ, ಬ್ಯಾಂಕಿನಲ್ಲಿ ದುಡ್ಡೂ ಇದೆ. ಇಲ್ಲದಿರುವುದು ಸ್ನಾನಕ್ಕೆ ಹೋದಾಗ ಕೈ ಹಿಡಿಯುವ ಒಬ್ಬರು.

ಈ ಕೊರತೆಯನ್ನು ಅಳೆಯಲು ಒಂದು ಪಟ್ಟಿ ಇದೆ. 1963ರಲ್ಲಿ ಅಮೆರಿಕದ ವೈದ್ಯ ಸಿಡ್ನಿ ಕ್ಯಾಟ್ಜ್ ಮತ್ತು ಸಂಗಡಿಗರು ಪ್ರಕಟಿಸಿದ್ದು. ಸ್ನಾನ, ಬಟ್ಟೆ ತೊಡುವುದು, ಶೌಚಕ್ಕೆ ಹೋಗಿಬರುವುದು, ಹಾಸಿಗೆಯಿಂದ ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಊಟ ಮಾಡುವುದು: ಆರೇ ಬಾಬತ್ತು. ಆರೂ ತಾವೇ ಮಾಡಿಕೊಳ್ಳುವವರಿಗೆ ನಿವೃತ್ತರ ವಸತಿ ಸಾಕು. ದಿನವಿಡೀ ನರ್ಸ್ ಬೇಕಾದವರಿಗೆ ಶುಶ್ರೂಷಾ ಕೇಂದ್ರ. ಒಂದೆರಡಕ್ಕೆ ಮಾತ್ರ ಕೈ ಬೇಕು, ಉಳಿದಂತೆ ತಮ್ಮ ಬದುಕು ತಮ್ಮದು ಎನ್ನುವವರಿಗಾಗಿ ಹುಟ್ಟಿದ್ದು ಅಸಿಸ್ಟೆಡ್ ಲಿವಿಂಗ್, ನೆರವಿನ ವಾಸ. ಇದನ್ನು ರೂಪಿಸಿದವರಲ್ಲಿ ಮೊದಲಿಗರು ಕೆರೆನ್ ಬ್ರೌನ್ ವಿಲ್ಸನ್. ಐವತ್ತೈದರ ವಯಸ್ಸಿನಲ್ಲೇ ಪಾರ್ಶ್ವವಾಯು ಹೊಡೆದ ತಾಯಿ ನರ್ಸಿಂಗ್ ಹೋಮಿನಲ್ಲಿ ಕಳೆದ ದಿನಗಳನ್ನು ಕಂಡಿದ್ದ ಮಗಳು. 1983ರಲ್ಲಿ ಆರೆಗನ್‌ನ ಪೋರ್ಟ್‌ಲೆಂಡಿನಲ್ಲಿ ಆಕೆ ತೆರೆದ ಮನೆಯಲ್ಲಿ ಪ್ರತಿಯೊಬ್ಬರಿಗೂ ಸ್ವಂತ ಅಡುಗೆ ಮೂಲೆ, ಸ್ವಂತ ಪೀಠೋಪಕರಣ, ಬಾಗಿಲಿಗೆ ಸ್ವಂತ ಬೀಗ ಇತ್ತು. ಬೀಗದ ವಿಷಯಕ್ಕೆ ಮತ್ತೆ ಬರುತ್ತೇನೆ.

ನಮ್ಮಲ್ಲಿ ಇದು ತಡವಾಗಿ ಬಂತು. ಬೆಂಗಳೂರಿನಲ್ಲಿ 1998ರಲ್ಲಿ ಶುರುವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ನಗರ ಪೊಲೀಸರ ಜೊತೆ ಸೇರಿ 1090 ಹಿರಿಯರ ಸಹಾಯವಾಣಿ ನಡೆಸಿತು, ಮುಂದೆ ಮರೆಗುಳಿ ರೋಗಿಗಳಿಗೆ ಆರೈಕೆ ಕೇಂದ್ರವನ್ನೂ ತೆರೆಯಿತು. ನಂತರ ಕಂಪನಿಗಳು ಬಂದವು.

ಕಾನೂನು ಇವರೆಲ್ಲರ ಹಿಂದೆ ಕುಂಟುತ್ತ ಬಂದಿದೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ, 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ, ಕೊನೆಗೆ ತಂದೆತಾಯಿ ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆ. ಈ ಕೊನೆಯದರ ಮೊದಲ ಕಲಮನ್ನೇ ಓದಿ: ಹೊರದೇಶದಲ್ಲಿರುವ ಭಾರತೀಯ ನಾಗರಿಕರಿಗೂ ಇದು ಅನ್ವಯ. ಅಂದರೆ ನನಗೆ, ನಿಮಗೆ. ಜೀವನಾಂಶದ ಗರಿಷ್ಠ ಮಿತಿ ತಿಂಗಳಿಗೆ 10,000 ರೂಪಾಯಿ. ಅದೇ ಸರ್ಕಾರದ 2018ರ ಜಿಎಸ್‌ಟಿ ಅಧಿಸೂಚನೆ, ನೋಂದಾಯಿತ ದತ್ತಿ ಸಂಸ್ಥೆಯ ವೃದ್ಧಾಶ್ರಮ ಒಬ್ಬರಿಂದ ತಿಂಗಳಿಗೆ 25,000ದವರೆಗೆ ಪಡೆದರೆ ತೆರಿಗೆಯಿಲ್ಲ ಎನ್ನುತ್ತದೆ. ಒಬ್ಬ ಹಿರಿಯರನ್ನು ನೋಡಿಕೊಳ್ಳಲು ಎಷ್ಟು ಬೇಕು ಎಂಬುದರಲ್ಲಿ ಎರಡು ಇಲಾಖೆಗಳಿಗೇ ಒಮ್ಮತವಿಲ್ಲ. ಗಮನಿಸಿ, ಖಾಸಗಿ ಕಂಪನಿಗೆ ಈ ವಿನಾಯಿತಿ ಇಲ್ಲ. ದರಪಟ್ಟಿ ನೋಡುವಾಗ ತೆರಿಗೆ ಸೇರಿದೆಯೇ ಎಂದು ಕೇಳಿ.

ಇದೇ ಕಾಯ್ದೆಯ 23ನೇ ಕಲಂ ಇನ್ನೂ ಮುಖ್ಯ. ನೋಡಿಕೊಳ್ಳುತ್ತೇನೆಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಆಮೇಲೆ ನೋಡದಿದ್ದರೆ ಹಿರಿಯರು ಆ ಪತ್ರವನ್ನು ರದ್ದು ಮಾಡಿಸಬಹುದು. ಷರತ್ತು ಇತ್ತೆಂದು ತೋರಿಸಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಇನ್ನೊಂದು ತೀರ್ಪಿನಲ್ಲಿ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದಿತು. ಅಮ್ಮನಿಂದ ದಾನಪತ್ರ ಬರೆಸಿಕೊಳ್ಳುವ ಆತುರದಲ್ಲಿರುವವರಿಗೆ ನನ್ನ ಸಲಹೆ ಒಂದೇ: ಬೇಡ. ಉಯಿಲು ಸಾಕು. ಮನೆ ಅವರ ಹೆಸರಿನಲ್ಲಿರುವಷ್ಟು ದಿನ ಅವರ ಮಾತಿಗೆ ತೂಕ ಇರುತ್ತದೆ.

ಹೋದ ರಜೆಯಲ್ಲಿ ನಾನೂ ಇಂಥ "ಜಾಗ" ನೋಡಲು ಹೋಗಿದ್ದೆ. ಅಮ್ಮ ಬಚ್ಚಲಿನಲ್ಲಿ ಬಿದ್ದು ಸೊಂಟದ ಶಸ್ತ್ರಚಿಕಿತ್ಸೆಯಾಗಿ ಆರು ತಿಂಗಳಾಗಿತ್ತು. ಕಟ್ಟಡ ಚೆನ್ನಾಗಿತ್ತು, ಕೈಗೆ ಬಣ್ಣದ ಪುಸ್ತಕ ಕೊಟ್ಟರು. ಕರಾರುಪತ್ರ ಕೇಳಿದಾಗ ಮುಖ ಸ್ವಲ್ಪ ಬಾಡಿತು. ಹದಿನಾಲ್ಕನೇ ಪುಟದಲ್ಲಿ ಒಂದು ಸಾಲು: ನಿವಾಸಿಯು ಹಾಸಿಗೆ ಹಿಡಿದಲ್ಲಿ ಮೂವತ್ತು ದಿನದೊಳಗೆ ಕುಟುಂಬದವರು ಬೇರೆ ವ್ಯವಸ್ಥೆ ಮಾಡಿಕೊಳ್ಳತಕ್ಕದ್ದು. ಠೇವಣಿಯಲ್ಲಿ ವರ್ಷಕ್ಕಿಷ್ಟು ಕಡಿತ ಎಂಬುದು ಅದರ ಕೆಳಗೆ. ಯಾವ ದಿನಕ್ಕೆ ಹೆದರಿ ನಾವು ಅಲ್ಲಿಗೆ ಹೋಗಿದ್ದೆವೋ ಆ ದಿನವೇ ಅವರು ಕೈ ಬಿಡುತ್ತಿದ್ದರು. 2019ರಲ್ಲಿ ಕೇಂದ್ರದ ವಸತಿ ಸಚಿವಾಲಯ ನಿವೃತ್ತರ ವಸತಿಗಳಿಗೆ ಮಾದರಿ ಮಾರ್ಗಸೂಚಿ ಹೊರಡಿಸಿದೆ, ಆದರೆ ಅದು ಮಾದರಿ ಮಾತ್ರ. ಸದ್ಯಕ್ಕೆ ನಿಮ್ಮ ರಕ್ಷಣೆ ಆ ಹದಿನಾಲ್ಕನೇ ಪುಟದಲ್ಲಿದೆ.

ನಾನು ಪುಟ ತಿರುಗಿಸುತ್ತಿದ್ದಾಗ ಅಮ್ಮ ವಾಕರ್ ಹಿಡಿದು ಕೋಣೆ ನೋಡಿ ಬಂದರು. ಊಟ, ಡಾಕ್ಟರ್, ಗಾಳಿ ಬೆಳಕು ಯಾವುದನ್ನೂ ಕೇಳಲಿಲ್ಲ. "ಬಾಗಿಲಿಗೆ ಒಳಗಿಂದ ಚಿಲಕ ಉಂಟಾ?" ಎಂದರು. ಸುರಕ್ಷತೆಗಾಗಿ ಇಟ್ಟಿಲ್ಲ ಅಮ್ಮ ಎಂದು ಆ ಹುಡುಗಿ ಪ್ರೀತಿಯಿಂದಲೇ ಹೇಳಿದಳು. "ಹಾಗಾದ್ರೆ ಬೇಡ ಮಗಾ, ಹೋಗುವ" ಎಂದು ಅಮ್ಮ ಕಾರಿನ ಕಡೆ ಹೊರಟರು. ಪೋರ್ಟ್‌ಲೆಂಡಿನ ಹೆಸರನ್ನೂ ಅವರು ಕೇಳಿರಲಿಲ್ಲ.

ಈಗ ಅಮ್ಮ ಮನೆಯಲ್ಲೇ ಇದ್ದಾರೆ, ಹಗಲು ಒಬ್ಬರು ಬರುತ್ತಾರೆ. ರಾತ್ರಿಯದು ಇನ್ನೂ ಬಗೆಹರಿದಿಲ್ಲ. ಇನ್ನು ನಮ್ಮದೇ ಸರದಿಯೂ ದೂರವಿಲ್ಲ: ಕೆಲಸ ಮುಗಿದರೆ ವೀಸಾ ಮುಗಿಯಿತು, ಕೈಗೆ ಬರುವುದು ವರ್ಷಕ್ಕೆ ಕನಿಷ್ಠ ಮೂರು ವಾರದ ಮೂಲವೇತನದ ಗ್ರಾಚ್ಯುಟಿ. ಊಟದ ನಂತರ ನೋಂದಣಿ ಮೇಜಿನ ಪಕ್ಕ ಕುಳಿತಿರುತ್ತೇನೆ. ಯಾರಲ್ಲಾದರೂ ಇಂಥ ಕರಾರುಪತ್ರ ಇದ್ದರೆ ಮೊಬೈಲಿನಲ್ಲೇ ತನ್ನಿ, ಒಟ್ಟಿಗೆ ಓದೋಣ.