ಮಹಾಮಾರಿಯ ಬಳಿಕ ಕೂಲಿಯೂ ಕಲಿಕೆಯೂ

ಸಾಂಕ್ರಾಮಿಕ ವ್ಯಾಧಿಗಳ ಚರಿತ್ರೆಯನ್ನು ಹೇಳುವವರು ಸತ್ತವರ ಲೆಕ್ಕವನ್ನು ಕೊಟ್ಟು ನಿಲ್ಲಿಸುವುದೇ ಹೆಚ್ಚು. ಉಳಿದವರು ಯಾವ ಕೆಲಸಕ್ಕೆ ಹೋದರು, ಅವರ ಮಕ್ಕಳು ಏನನ್ನು ಓದಿದರು ಎಂಬ ಪ್ರಶ್ನೆ ಹಿಂದೆ ಬೀಳುತ್ತದೆ. 2020ರಲ್ಲಿ ಶಾಲೆ ಕಾಲೇಜುಗಳು ಬಾಗಿಲು ಮುಚ್ಚಿ, ಪರೀಕ್ಷೆಗಳು ನಿಂತು, ಕೂಲಿಗಾರರು ಪಟ್ಟಣಗಳನ್ನು ಬಿಟ್ಟು ಊರಿನ ದಾರಿ ಹಿಡಿದಾಗ ಈ ಪ್ರಶ್ನೆ ನಮ್ಮ ಮನೆಮನೆಯಲ್ಲಿಯೂ ಕೇಳಿಬಂದಿತು. ಇದಕ್ಕೆ ಉತ್ತರವನ್ನು ಹುಡುಕುವವರಿಗೆ ಹದಿನಾಲ್ಕನೆಯ ಶತಮಾನದ ಇಂಗ್ಲೆಂಡಿನ ವೃತ್ತಾಂತವು ಬಹಳ ಬೋಧಪ್ರದವಾದುದು. ಅದನ್ನು ಈಗ ಸಂಗ್ರಹವಾಗಿ ನೋಡೋಣ.

1348ರ ಬೇಸಗೆಯಲ್ಲಿ ದಕ್ಷಿಣ ತೀರದ ಮೆಲ್ಕೂಂಬ್ ಎಂಬ ರೇವಿನ ಮಾರ್ಗವಾಗಿ ಪ್ಲೇಗು ಆ ದೇಶವನ್ನು ಹೊಕ್ಕಿತು. ಅದೇ ವರ್ಷ ಲಂಡನ್ನನ್ನು ಮುಟ್ಟಿ, 1349 ಮುಗಿಯುವುದರೊಳಗಾಗಿ ರಾಜ್ಯವನ್ನೆಲ್ಲ ವ್ಯಾಪಿಸಿತು. ಇದನ್ನೇ ಮುಂದಿನವರು ‘ಕಪ್ಪು ಮರಣ’ವೆಂದು ಕರೆದರು. 1896ರಲ್ಲಿ ಮುಂಬಯಿಯಲ್ಲಿಯೂ 1898ರಲ್ಲಿ ಬೆಂಗಳೂರಿನಲ್ಲಿಯೂ ಕಾಣಿಸಿಕೊಂಡು ನಮ್ಮ ಹಿರಿಯರನ್ನು ಊರಾಚೆಯ ಗುಡಿಸಲುಗಳಿಗೆ ಓಡಿಸಿದ ವ್ಯಾಧಿಯೂ ಇದೇ. ಇಂಗ್ಲೆಂಡಿನ ಪ್ರಜೆಗಳಲ್ಲಿ ಮೂರರಲ್ಲೊಂದು ಪಾಲಿನಿಂದ ಅರ್ಧದವರೆಗೆ ನಾಶವಾದರೆಂದು ಚರಿತ್ರಕಾರರ ಅಂದಾಜು.

ಹೊಲಗಳು ಇದ್ದಲ್ಲಿಯೇ ಇದ್ದುವು, ಕೊಯ್ಯುವವರು ಇರಲಿಲ್ಲ. ಅದುವರೆಗೆ ಕೊಟ್ಟಷ್ಟನ್ನು ಪಡೆದು ತಲೆಬಾಗಿ ಹೋಗುತ್ತಿದ್ದ ಕೂಲಿಯಾಳು, ಪಕ್ಕದ ಊರಿನ ಜಮೀನ್ದಾರನು ಹೆಚ್ಚು ಕೊಡುವನೆಂಬುದನ್ನು ಅರಿತನು. ಒಡೆಯರಿಗೆ ಇದು ಸಹನೆಯಾಗಲಿಲ್ಲ. ಮೂರನೆಯ ಎಡ್ವರ್ಡ್ ದೊರೆಯು 1349ರ ಜೂನ್ ತಿಂಗಳಲ್ಲಿ ಒಂದು ಆಜ್ಞೆಯನ್ನು ಹೊರಡಿಸಿದನು. ಅರವತ್ತು ವರ್ಷದೊಳಗಿನ, ಬೇರೆ ಜೀವನೋಪಾಯವಿಲ್ಲದ ದೃಢಕಾಯರೆಲ್ಲರೂ ಕರೆದವರ ಕೆಲಸಕ್ಕೆ ಹೋಗತಕ್ಕದ್ದು. ಮಾರಿಗೆ ಮುಂಚೆ ಇದ್ದ ಕೂಲಿಗಿಂತ ಹೆಚ್ಚನ್ನು ಕೇಳಕೂಡದು. 1351ರಲ್ಲಿ ಪಾರ್ಲಿಮೆಂಟು ಇದನ್ನು ಇನ್ನೂ ಬಿಗಿಮಾಡಿತು. ಹುಲ್ಲು ಕೊಯ್ಯುವವನಿಗೆ ದಿನಕ್ಕೆ 5 ಪೆನ್ಸು, ಮೇಸ್ತ್ರಿ ಬಡಗಿಗೆ 3 ಪೆನ್ಸು, ಪೈರು ಕೊಯ್ಯುವವನಿಗೆ ಆಗಸ್ಟಿನ ಮೊದಲನೆಯ ವಾರ 2 ಪೆನ್ಸು, ಎರಡನೆಯ ವಾರ 3 ಪೆನ್ಸು ಎಂದು ಕಟ್ಟುಮಾಡಿತು. ಮೀರಿದವರನ್ನು ವಿಚಾರಿಸಲು ನ್ಯಾಯಾಧಿಕಾರಿಗಳೂ ನೇಮಕವಾದರು. ಆದರೆ ಪೈರು ಒಣಗುತ್ತಿರುವಾಗ, ಕಾನೂನನ್ನು ಮಾಡಿದ ಒಡೆಯರ ಕಡೆಯವರೇ ಗುಟ್ಟಾಗಿ ಹೆಚ್ಚು ಕೂಲಿ ಕೊಟ್ಟು ಆಳುಗಳನ್ನು ಸೆಳೆದುಕೊಳ್ಳುತ್ತಿದ್ದರು. ಶಾಸನವು ಕೂಲಿಯ ಏರಿಕೆಯನ್ನು ತಡಮಾಡಿತೇ ಹೊರತು ನಿಲ್ಲಿಸಲಾರದೆ ಹೋಯಿತು.

ಓದುಬರಹವನ್ನು ನಂಬಿದ್ದ ವೃತ್ತಿಗಳ ಪಾಡೂ ಹೀಗೆಯೇ ಆಯಿತು. ಆ ಕಾಲದಲ್ಲಿ ವಿದ್ಯಾವಂತನ ಮುಖ್ಯ ಉದ್ಯೋಗವೆಂದರೆ ಪಾದ್ರಿಯ ಕೆಲಸ. ರೋಗಿಯ ಹಾಸಿಗೆಯ ಬಳಿ ನಿಲ್ಲಬೇಕಾದ ಪಾದ್ರಿಗಳು ಗುಂಪುಗುಂಪಾಗಿ ಸತ್ತರು. ಬಾತ್ ಮತ್ತು ವೆಲ್ಸ್ ಪ್ರಾಂತದ ಬಿಷಪ್ಪರು 1349ರ ಜನವರಿಯಲ್ಲಿ, ಪಾದ್ರಿ ದೊರೆಯದಿದ್ದರೆ ಸಾಯುವವನು ತನ್ನ ಪಾಪನಿವೇದನೆಯನ್ನು ಯಾವ ಗೃಹಸ್ಥನಲ್ಲಾದರೂ, ಕಡೆಗೆ ಸ್ತ್ರೀಯಲ್ಲಾದರೂ ಮಾಡಿಕೊಳ್ಳಬಹುದೆಂದು ಅಪ್ಪಣೆಯಿತ್ತರು. ಆಕ್ಸ್‌ಫರ್ಡಿನ ಗಣಿತಜ್ಞನೂ ತಾರ್ಕಿಕನೂ ಆಗಿದ್ದ ತಾಮಸ್ ಬ್ರಾಡ್ವರ್ಡೀನನು ಅದೇ ವರ್ಷ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪನಾಗಿ, ಕೆಲವೇ ವಾರಗಳಲ್ಲಿ ಪ್ಲೇಗಿಗೆ ತುತ್ತಾದನು. ಅಳಿದುಳಿದ ಪಾದ್ರಿಗಳಲ್ಲಿ ಹಲವರು ಬಡ ಹಳ್ಳಿಗಳನ್ನು ತೊರೆದು ಹೆಚ್ಚು ಸಂಬಳದ ಸ್ಥಾನಗಳನ್ನು ಅರಸಿದರು. 1350ರಲ್ಲಿ ಆರ್ಚ್‌ಬಿಷಪ್ ಸೈಮನ್ ಇಸ್ಲಿಪ್ಪನು ಅವರ ಸಂಬಳಕ್ಕೂ ಮಿತಿಯನ್ನು ಹಾಕಬೇಕಾಯಿತು. ಕೊಯ್ಲಿನ ಆಳಿಗೂ ದೇವಾಲಯದ ಪಾದ್ರಿಗೂ ಒಂದೇ ಬಗೆಯ ನಿಯಮವು ಬಂದುದನ್ನು ನಾವು ಗಮನಿಸಬೇಕು.

ಈ ಕೊರತೆಯನ್ನು ತುಂಬಲು ದೂರದೃಷ್ಟಿಯುಳ್ಳ ಕೆಲವರು ಬೇರೊಂದು ಉಪಾಯವನ್ನು ಹಿಡಿದರು. ನಾರ್ವಿಚ್ಚಿನ ಬಿಷಪ್ ವಿಲಿಯಂ ಬೇಟ್‌ಮನ್ನನು 1350ರಲ್ಲಿ ಕೇಂಬ್ರಿಜ್ಜಿನಲ್ಲಿ ಟ್ರಿನಿಟಿ ಹಾಲನ್ನು ಸ್ಥಾಪಿಸಿದನು. 1352ರಲ್ಲಿ ಆ ಊರಿನ ಎರಡು ಸಂಘಗಳವರು ಕೂಡಿ ಕಾರ್ಪಸ್ ಕ್ರಿಸ್ಟಿ ಕಾಲೇಜನ್ನು ಕಟ್ಟಿದರು. ವಿಕಮ್ಮಿನ ವಿಲಿಯಂ 1379ರಲ್ಲಿ ಆಕ್ಸ್‌ಫರ್ಡಿನಲ್ಲಿ ನ್ಯೂ ಕಾಲೇಜನ್ನು, 1382ರಲ್ಲಿ ಅದಕ್ಕೆ ಹುಡುಗರನ್ನು ಸಿದ್ಧಮಾಡುವ ವಿಂಚೆಸ್ಟರಿನ ಶಾಲೆಯನ್ನು ಸ್ಥಾಪಿಸಿದನು. ಮಾರಿಯಿಂದ ಬರಿದಾದ ಸ್ಥಾನಗಳಿಗೆ ಓದಿದವರನ್ನು ಒದಗಿಸಬೇಕೆಂಬ ಚಿಂತೆ ಈ ಕಾರ್ಯಗಳ ಹಿಂದೆ ಕೆಲಸಮಾಡಿತ್ತು.

ಎಲ್ಲಕ್ಕಿಂತ ಸೂಕ್ಷ್ಮವಾದ ಬದಲಾವಣೆ ನಡೆದುದು ಪಾಠದ ಭಾಷೆಯಲ್ಲಿ. ಅದುವರೆಗೆ ಇಂಗ್ಲೆಂಡಿನ ಮಕ್ಕಳು ಲ್ಯಾಟಿನ್ ಪಾಠದ ಅರ್ಥವನ್ನು ತಮ್ಮ ಮನೆಮಾತಿನಲ್ಲಿ ಹೇಳುವಂತಿರಲಿಲ್ಲ. ಆಳುವವರ ಫ್ರೆಂಚಿನಲ್ಲಿ ಹೇಳಬೇಕಾಗಿತ್ತು. ಮೊದಲನೆಯ ಮಾರಿಯ ತರುವಾಯ ಈ ಪದ್ಧತಿ ಸಡಿಲವಾಯಿತೆಂದು 1385ರಲ್ಲಿ ಜಾನ್ ಟ್ರೆವೀಸನು ಬರೆದಿದ್ದಾನೆ. ಜಾನ್ ಕಾರ್ನ್‌ವಾಲ್ ಎಂಬ ವ್ಯಾಕರಣದ ಉಪಾಧ್ಯಾಯನು ಇಂಗ್ಲಿಷಿನಲ್ಲಿ ಅರ್ಥ ಹೇಳಿಸತೊಡಗಿದನು. ಇತರರು ಅವನನ್ನು ಅನುಸರಿಸಿದರು. ಇದರಿಂದ ಮಕ್ಕಳು ಬೇಗ ಕಲಿಯುತ್ತಾರೆ, ಆದರೆ ಫ್ರೆಂಚನ್ನರಿಯದೆ ಹೊರದೇಶಗಳಲ್ಲಿ ಕಷ್ಟಪಡುತ್ತಾರೆ ಎಂದು ಟ್ರೆವೀಸನು ಲಾಭನಷ್ಟಗಳೆರಡನ್ನೂ ತೂಗಿದ್ದಾನೆ. ಈ ಬದಲಾವಣೆಗೆ ಮಾರಿಯೊಂದೇ ಕಾರಣವೆನ್ನಲಾಗದು. ಫ್ರಾನ್ಸಿನೊಡನೆ ಯುದ್ಧ ನಡೆಯುತ್ತಿತ್ತು. ಫ್ರೆಂಚಿನ ಬಳಕೆಯೂ ತಗ್ಗುತ್ತಿತ್ತು. ಆದರೆ ಹಳೆಯ ಉಪಾಧ್ಯಾಯರು ಅಳಿದ ಕಡೆ ಹೊಸ ರೀತಿಗೆ ದಾರಿ ಸುಲಭವಾಯಿತು. 1362ರಲ್ಲಿ ನ್ಯಾಯಸ್ಥಾನಗಳ ವಾದವೂ ಇಂಗ್ಲಿಷಿನಲ್ಲಿ ನಡೆಯತಕ್ಕದ್ದೆಂದು ಶಾಸನವಾಯಿತು.

ಇಷ್ಟರಿಂದ ಮಾರಿಯು ಉಪಕಾರವನ್ನೇ ಮಾಡಿತೆಂದು ಭಾವಿಸುವುದು ತಪ್ಪು. ಅದು 1361ರಲ್ಲಿ ಮರಳಿ ಬಂದು ಬಹು ಮಂದಿ ಮಕ್ಕಳನ್ನು ಕೊಂಡೊಯ್ದಿತು. ಕೂಲಿಶಾಸನದ ಕಹಿಯೂ ತಲೆಗಂದಾಯದ ಭಾರವೂ ಸೇರಿ 1381ರಲ್ಲಿ ರೈತರ ದಂಗೆಯಾಗಿ ಸಿಡಿದುವು. ಆ ಶಾಸನವನ್ನು ನಡೆಸಿದ್ದ ಮುಖ್ಯ ನ್ಯಾಯಾಧೀಶ ಜಾನ್ ಕ್ಯಾವೆಂಡಿಷನನ್ನು ದಂಗೆಕಾರರು ಕೊಂದರು. ಕೇಂಬ್ರಿಜ್ಜಿನಲ್ಲಿ ವಿಶ್ವವಿದ್ಯಾನಿಲಯದ ಸನದುಗಳು ಬೆಂಕಿಗೆ ಬಿದ್ದುವು. ಊರವರೇ ಕಟ್ಟಿದ್ದ ಕಾರ್ಪಸ್ ಕ್ರಿಸ್ಟಿ ಕಾಲೇಜನ್ನು ಊರವರೇ ಕೊಳ್ಳೆಹೊಡೆದರು. ವಿದ್ಯೆ ಕೆಲವರ ಸೊತ್ತಾಗಿ, ಅದರ ಭಾರ ಮಾತ್ರ ಎಲ್ಲರ ಮೇಲೆ ಬಿದ್ದಾಗ ಹೀಗಾಗುವುದುಂಟು.

ದಂಗೆಯನ್ನು ಅಡಗಿಸಿದರು, ಕೂಲಿಯನ್ನು ಇಳಿಸಲಾಗಲಿಲ್ಲ. ಹದಿನೈದನೆಯ ಶತಮಾನದ ಇಂಗ್ಲಿಷ್ ಕೂಲಿಗಾರನು ತನ್ನ ಮುತ್ತಾತನಿಗಿಂತ ಚೆನ್ನಾಗಿ ಉಂಡನು. ಜೀತದ ಕಟ್ಟು ಮೆಲ್ಲಮೆಲ್ಲನೆ ಬಿಚ್ಚಿಕೊಂಡಿತು. ಪೂರ್ವ ಯೂರೋಪಿನ ಅನೇಕ ಕಡೆಗಳಲ್ಲಿಯಾದರೋ, ಜನರ ಅಭಾವವಿದ್ದರೂ ಮುಂದಿನ ಶತಮಾನಗಳಲ್ಲಿ ಜೀತವು ಮತ್ತಷ್ಟು ಬಿಗಿಯಾಯಿತು. ಆದುದರಿಂದ ನಾವು ಗ್ರಹಿಸಬೇಕಾದುದಿಷ್ಟು: ಮಹಾಮಾರಿಯು ಸ್ಥಾನಗಳನ್ನು ಬರಿದುಮಾಡುತ್ತದೆ, ಅವುಗಳನ್ನು ಯಾರು ತುಂಬಬೇಕು, ಯಾವ ಕೂಲಿಗೆ, ಯಾವ ಭಾಷೆಯಲ್ಲಿ ಕಲಿತು ತುಂಬಬೇಕು ಎಂಬುದನ್ನು ತೀರ್ಮಾನಿಸುವವರು ಉಳಿದ ಮನುಷ್ಯರು. ಓದು ಮುರಿದುಬಿದ್ದ ತರುಣರಿಗೆ ಶಾಲೆಯನ್ನು ಕಟ್ಟಿಕೊಡುವುದೋ, ಕೂಲಿಗೆ ಕಟ್ಟುಹಾಕುವುದೋ ಎಂಬ ಆಯ್ಕೆ ಅಂದು ಅವರ ಮುಂದಿತ್ತು. ಅವರು ಎರಡನ್ನೂ ಮಾಡಿದರು. ಕೂಲಿಯ ಕಟ್ಟು ಮುರಿದುಹೋಯಿತು. ಆ ಕಾಲೇಜುಗಳು ಇಂದಿಗೂ ನಿಂತಿವೆ.